ತೂಕವಿಲ್ಲದ ಗ್ಯಾಸು, ವಿವರವಿಲ್ಲದ ಬಿಲ್ಲು: ಮನೆ ಏ.ಸಿ. ದುರಸ್ತಿಯ ಲೆಕ್ಕಾಚಾರ

ಕಲಬುರಗಿಯ ಬೇಸಿಗೆಯನ್ನು ಇಲ್ಲಿನವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆದು ಮಧ್ಯಾಹ್ನವೇ ಮುಚ್ಚುವ ಪ್ರದೇಶವಿದು. ಒಂದು ಕಾಲಕ್ಕೆ ಬ್ಯಾಂಕು, ಲಾಡ್ಜು ಮತ್ತು ದೊಡ್ಡ ಮಳಿಗೆಗಳಿಗೆ ಸೀಮಿತವಾಗಿದ್ದ ಹವಾನಿಯಂತ್ರಕ ಇಂದು ಶಹಾಬಜಾರದ ಮಧ್ಯಮ ವರ್ಗದ ಮನೆಗಳನ್ನೂ ಪ್ರವೇಶಿಸಿದೆ. ಯಂತ್ರ ಬಂದಂತೆ ಅದರ ದುರಸ್ತಿಯೂ ಒಂದು ಉದ್ಯೋಗವಾಗಿ ಬೆಳೆದಿದೆ. ಆದರೆ ಈ ಉದ್ಯೋಗದಲ್ಲಿ ವ್ಯಾಪಾರದ ಮೂಲಭೂತ ಶಿಸ್ತು ಇನ್ನೂ ಬೇರೂರಿಲ್ಲ. ಏ.ಸಿ. ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ ದರ ವಿಚಾರಿಸುವವರು, ಅದೇ ಏ.ಸಿ. ಕೆಟ್ಟಾಗ ಮೆಕ್ಯಾನಿಕ್ ಕೇಳಿದಷ್ಟು ಕೊಟ್ಟು ಸುಮ್ಮನಾಗುತ್ತಾರೆ. ಯಾವ ದೋಷಕ್ಕೆ ಎಷ್ಟು ಹಣ ಕೊಟ್ಟೆವೆಂಬುದು ಕೊನೆಗೂ ಅವರಿಗೆ ತಿಳಿಯುವುದಿಲ್ಲ.

ಪ್ರತಿ ಬೇಸಿಗೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು “ಗ್ಯಾಸ್ ಕಡಿಮೆಯಾಗಿದೆ, ತುಂಬಿಸಬೇಕು” ಎಂಬುದು. ಅಡುಗೆಯ ಸಿಲಿಂಡರಿನಂತೆ, ವಾಹನದ ಪೆಟ್ರೋಲಿನಂತೆ ಏ.ಸಿ. ಗ್ಯಾಸು ಕೂಡ ಬಳಸಿದಂತೆ ತೀರುತ್ತದೆಂಬ ತಿಳಿವಳಿಕೆ ಜನರಲ್ಲಿದೆ. ಇದು ತಪ್ಪು. ಏ.ಸಿ.ಯ ಅನಿಲ ಇಂಧನವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಬಿಡುವ ವಾಹಕ ಮಾತ್ರ. ಯಂತ್ರದ ಆಯುಷ್ಯವಿರುವವರೆಗೂ ಅದು ಖರ್ಚಾಗಬಾರದು. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರುವ ಕೊಡಕ್ಕೆ ಪ್ರತಿದಿನ ನೀರು ತುಂಬಿಸುವುದನ್ನು ಯಾರೂ ದುರಸ್ತಿ ಎನ್ನುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವುದು ಮಾತ್ರ ಅನೇಕ ಮನೆಗಳಲ್ಲಿ ದುರಸ್ತಿ ಎಂದೇ ನಡೆದುಕೊಂಡು ಬಂದಿದೆ.

ಇದರ ಲೆಕ್ಕ ಸರಳವಾದುದು. ಒಂದು ಸಲ ಗ್ಯಾಸ್ ತುಂಬಿಸಲು 3,000 ರೂಪಾಯಿ ಎಂದು ಊಹಿಸಿದರೆ, ಮೂರು ಬೇಸಿಗೆಗೆ 9,000 ರೂಪಾಯಿ. ಸೋರಿಕೆ ಮೊದಲಿದ್ದಲ್ಲೇ ಇರುತ್ತದೆ. ಕಡಿಮೆ ಅನಿಲದಲ್ಲಿ ಹೆಚ್ಚು ಹೊತ್ತು ಓಡಿದ ಕಂಪ್ರೆಸರ್ ಸರಿಯಾಗಿ ತಂಪಾಗದೆ ಬಳಲುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಕೊನೆಗೆ ಕಂಪ್ರೆಸರೇ ಸುಟ್ಟರೆ, ಯಂತ್ರದ ಅತಿ ದುಬಾರಿ ಭಾಗವನ್ನು ಬದಲಿಸಬೇಕಾಗುತ್ತದೆ.

ನೆಹರೂ ಗಂಜಿನಲ್ಲಿ ಒಂದು ಚೀಲ ತೊಗರಿಯೂ ತೂಕವಾಗದೆ ಕೈ ಬದಲಾಗುವುದಿಲ್ಲ. ಏ.ಸಿ. ಗ್ಯಾಸು ಕೂಡ ತೂಕದ ಸರಕೇ. ಯಾವ ಅನಿಲ, ಎಷ್ಟು ಗ್ರಾಂ ಎಂಬುದನ್ನು ತಯಾರಕರು ಹೊರ ಘಟಕದ ಫಲಕದ ಮೇಲೆ ಸ್ಪಷ್ಟವಾಗಿ ಮುದ್ರಿಸಿರುತ್ತಾರೆ. ಆದರೂ ಮೆಕ್ಯಾನಿಕ್ ಜೊತೆ ತೂಕದ ಯಂತ್ರ ಬರುವುದು ಅಪರೂಪ. ಅಂದಾಜಿನ ಮೇಲೆಯೇ ಭರ್ತಿ ನಡೆಯುತ್ತದೆ. ಹೆಚ್ಚಾದರೂ ಕಡಿಮೆಯಾದರೂ ನಷ್ಟ ಮನೆಯವರದು.

ಸರಿಯಾದ ಕ್ರಮ ಬೇರೆಯೇ ಇದೆ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು, ಕೀಲುಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆಯ ಸ್ಥಳ ಗುರುತಿಸಬೇಕು. ಅಲ್ಲಿ ಬೆಸುಗೆ ಹಾಕಬೇಕು ಅಥವಾ ಜೋಡಣೆಯನ್ನು ಹೊಸದಾಗಿ ಮಾಡಬೇಕು. ಬಳಿಕ ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿ ಮತ್ತು ತೇವಾಂಶವನ್ನು ಹೊರತೆಗೆದು, ಫಲಕದಲ್ಲಿರುವ ಅನಿಲವನ್ನೇ ತೂಗಿ ತುಂಬಬೇಕು. ಹಳೆಯ ಯಂತ್ರಗಳ ಆರ್-22, ನಂತರದ ಆರ್-410ಎ, ಇಂದಿನ ಆರ್-32 ಒಂದಕ್ಕೊಂದು ಬದಲಿಯಲ್ಲ. ಅವುಗಳ ಒತ್ತಡ ಬೇರೆ, ಗುಣ ಬೇರೆ. ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣವುಳ್ಳದ್ದು. ಆರ್-290 ಎಂಬ ಹೆಸರಿನಲ್ಲಿ ಬರುವ ಪ್ರೊಪೇನ್ ಅಂತೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಇಂತಹ ಅನಿಲ ಉಳಿದಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿಯುವುದು ಅಪಾಯಕರ. ಇನ್ನು ಆರ್-22 ಓಝೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಮರೆಯಾಗುತ್ತಿದೆ. ಹಳೆಯ ಯಂತ್ರ ಉಳ್ಳವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳುವುದು ಒಳಿತು.

ಎಲ್ಲ ದೋಷಗಳೂ ದೊಡ್ಡವಲ್ಲ. ಕಂಪ್ರೆಸರ್ ಚಾಲೂ ಆಗದಿದ್ದರೆ ಅದು ಸುಟ್ಟಿದೆ ಎಂದು ಕೂಡಲೇ ತೀರ್ಮಾನಿಸಬೇಕಾಗಿಲ್ಲ. ಬಿಸಿಲಿಗೆ ಮತ್ತು ವಿದ್ಯುತ್ತಿನ ಏರಿಳಿತಕ್ಕೆ ಸಿಕ್ಕ ಕೆಪಾಸಿಟರ್ ಎಂಬ ಅಗ್ಗದ ಬಿಡಿಭಾಗ ಕೆಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ. ಇನ್ವರ್ಟರ್ ಏ.ಸಿ.ಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಹಾಳಾದರೆ ವೆಚ್ಚ ಹೆಚ್ಚು. ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿಯುವ ಬಡಾವಣೆಗಳಲ್ಲಿ ಯಂತ್ರ ಎಷ್ಟು ವೋಲ್ಟೇಜ್ ತಡೆಯಬಲ್ಲದೆಂಬುದನ್ನು ನೋಡಿ, ಅಗತ್ಯವಿದ್ದರೆ ಸ್ಟೆಬಿಲೈಸರ್ ಹಾಕುವುದು ಲಾಭಕರ. ನಮ್ಮ ಭಾಗದ ಧೂಳಿನಲ್ಲಿ ಒಳ ಘಟಕದ ಜಾಳಿಗೆ ಹದಿನೈದು ದಿನಕ್ಕೇ ಕಟ್ಟಿಕೊಳ್ಳುತ್ತದೆ. ಅದನ್ನು ಬಿಚ್ಚಿ ನಲ್ಲಿಯ ಕೆಳಗೆ ತೊಳೆಯುವುದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಹೊರ ಘಟಕವನ್ನು ಇಕ್ಕಟ್ಟಾದ ಸಂದಿಯಲ್ಲಿ ಕೂರಿಸಿದರೆ ಅದು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗಾಳಿಯಾಡುವ, ಮನುಷ್ಯ ನಿಂತು ಕೆಲಸ ಮಾಡಬಹುದಾದ ಜಾಗ ಆರಿಸಿದರೆ ಮುಂದಿನ ದುರಸ್ತಿಯ ಖರ್ಚೂ ಕಡಿಮೆ, ಗೋಡೆಗೆ ಜೋತುಬೀಳುವ ಕೆಲಸಗಾರನ ಜೀವಕ್ಕೂ ರಕ್ಷಣೆ.

ದುರಸ್ತಿಯೋ, ಹೊಸದೋ ಎಂಬ ಪ್ರಶ್ನೆ ಈಗ ಹೆಚ್ಚು ಮಹತ್ವ ಪಡೆದಿದೆ. 2025ರ ಸೆಪ್ಟೆಂಬರ್ 22ರಿಂದ ಏ.ಸಿ. ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ದುರಸ್ತಿ ಸೇವೆಯ ತೆರಿಗೆ ಶೇ. 18ರಲ್ಲೇ ಉಳಿಯಿತು. ಹೊಸ ಯಂತ್ರ ಅಗ್ಗವಾದಂತೆ ದುರಸ್ತಿಯ ಆಕರ್ಷಣೆ ತಗ್ಗುವುದು ಸಹಜ. ಆದರೂ ನಾಲ್ಕೈದು ವರ್ಷದ ಯಂತ್ರದಲ್ಲಿ ಕೆಪಾಸಿಟರ್, ಫ್ಯಾನ್ ಮೋಟಾರ್ ಅಥವಾ ಒಂದು ಕೀಲಿನ ಸೋರಿಕೆ ಇದ್ದರೆ ದುರಸ್ತಿಯೇ ಮೇಲು. ಹತ್ತು ವರ್ಷ ದಾಟಿದ ಆರ್-22 ಯಂತ್ರದಲ್ಲಿ ಕಂಪ್ರೆಸರ್ ಅಥವಾ ಕಾಯಿಲ್ ಹೋಗಿದ್ದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ. ವಾರಂಟಿಯ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಎಂದು ಬರೆದಿದ್ದರೂ ಗ್ಯಾಸು, ಕೂಲಿ ಹಾಗೂ ಸಾಗಣೆ ಹಲವು ಸಲ ಅದರಲ್ಲಿ ಸೇರಿರುವುದಿಲ್ಲ.

ಮೆಕ್ಯಾನಿಕ್‌ಗಳ ಪಾಲಿನ ಮಾತನ್ನೂ ಕೇಳಬೇಕು. ಸೋರಿಕೆ ಹುಡುಕಲು ಅರ್ಧ ದಿನ ಹಿಡಿಯಬಹುದು. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಕರೆ ಬರುವಾಗ, ಹುಮನಾಬಾದ್ ರಸ್ತೆಯ ಕಮಲಾಪುರದವರೆಗೂ ಓಡಾಡಬೇಕಾದಾಗ, ಆ ಸಮಯಕ್ಕೆ ಹಣ ಕೊಡಲು ಗ್ರಾಹಕ ಸಿದ್ಧನಿಲ್ಲದಿದ್ದರೆ ಯಾರೂ ಸೋರಿಕೆ ಹುಡುಕುತ್ತ ಕೂಡುವುದಿಲ್ಲ. ಗ್ಯಾಸಿಗೆ ಮೂರು ಸಾವಿರ ಕೊಡುವವರು ತಪಾಸಣೆಯ ಐನೂರಕ್ಕೆ ಚೌಕಾಸಿ ಮಾಡುತ್ತಾರೆ. ಹೀಗಾಗಿ ತಪಾಸಣೆಯ ಕೂಲಿಯೂ ಗ್ಯಾಸಿನ ಬೆಲೆಯೊಳಗೆ ಅಡಗಿ ಕೂರುತ್ತದೆ. ಕೌಶಲಕ್ಕೆ ಬೆಲೆ ಕೊಡದ ಮಾರುಕಟ್ಟೆಯಲ್ಲಿ ಕೌಶಲ ಬೆಳೆಯುವುದಿಲ್ಲ. 2019ರ ಮಾರ್ಚ್‌ನಲ್ಲಿ ಪ್ರಕಟವಾದ ಭಾರತ ಶೀತಲೀಕರಣ ಕ್ರಿಯಾ ಯೋಜನೆಯು ಒಂದು ಲಕ್ಷ ಸೇವಾ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರದ ಗುರಿ ಹಾಕಿಕೊಂಡಿತ್ತು. ಅಂತಹ ಪ್ರಮಾಣಪತ್ರ ಪಡೆದವರಿಗೆ, ಐ.ಟಿ.ಐ.ನಲ್ಲಿ ಈ ವೃತ್ತಿ ಕಲಿತವರಿಗೆ ಗ್ರಾಹಕರು ಆದ್ಯತೆ ನೀಡಿದರೆ ಮಾತ್ರ ಆ ಓದಿಗೆ ಅರ್ಥ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸರಕಿಗಾಗಲಿ ಸೇವೆಗಾಗಲಿ ರಶೀದಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯ ಸಾಲಿಗೆ ಸೇರಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಜಿಲ್ಲಾ ಆಯೋಗದ ಬಾಗಿಲೂ ತೆರೆದಿದೆ. ಆದರೆ ಮೂರು ಸಾವಿರ ರೂಪಾಯಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ವಿರಳ. ಆದ್ದರಿಂದ ಪರಿಹಾರ ಮಾರುಕಟ್ಟೆಯೊಳಗಿನಿಂದಲೇ ಬರಬೇಕು.

ನಗರದಲ್ಲಿ ಏ.ಸಿ. ಮಾರುವ ವರ್ತಕರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ. ಒಂದು ಪುಟದ ಜಾಬ್ ಕಾರ್ಡ್ ಸಾಕು. ಕಂಡ ದೋಷವೇನು, ಸೋರಿಕೆ ಎಲ್ಲಿತ್ತು, ಯಾವ ಗ್ಯಾಸು ಎಷ್ಟು ಗ್ರಾಂ ತುಂಬಲಾಯಿತು, ಬಿಡಿಭಾಗದ ಬೆಲೆ ಎಷ್ಟು, ಕೂಲಿ ಎಷ್ಟು, ಎಷ್ಟು ದಿನದ ಭರವಸೆ ಎಂಬ ವಿವರಗಳು ಅದರಲ್ಲಿರಲಿ. ಅಂದಾಜು ವೆಚ್ಚವನ್ನು ಯಂತ್ರ ಬಿಚ್ಚುವ ಮೊದಲೇ ಬರೆದುಕೊಡಲಿ; ಬದಲಿಸಿದ ಹಳೆಯ ಭಾಗವನ್ನು ಮನೆಯವರಿಗೆ ತೋರಿಸಲಿ. ವಾಣಿಜ್ಯ ಸಂಸ್ಥೆಯು ಇದರ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯ ಮಳಿಗೆಗಳಿಗೆ ಹಂಚಬಹುದು. ಕೆಲಸ ಒತ್ತರಿಸಿ ಬರುವ ಏಪ್ರಿಲ್‌ಗಿಂತ ಮೊದಲು, ಫೆಬ್ರವರಿಯಲ್ಲೇ ತಪಾಸಣೆ ಮಾಡಿಸುವವರಿಗೆ ರಿಯಾಯಿತಿ ಘೋಷಿಸಿದರೆ ಮೆಕ್ಯಾನಿಕ್‌ಗೂ ಬಿಡುವಿನ ಕಾಲದಲ್ಲಿ ದುಡಿಮೆ ಸಿಗುತ್ತದೆ.

ಒಂದು ಸಲ ಮಾರಿದ ಏ.ಸಿ. ಹತ್ತು ವರ್ಷ ಸೇವೆ ಬೇಡುತ್ತದೆ. ಆ ಹತ್ತು ವರ್ಷದ ಗಿರಾಕಿಯನ್ನು ಒಂದು ಬೇಸಿಗೆಯ ಗ್ಯಾಸಿನಲ್ಲಿ ಕಳೆದುಕೊಳ್ಳುವುದು ಜಾಣ ವ್ಯಾಪಾರವಲ್ಲವೆಂಬುದನ್ನು ವರ್ತಕ ಬಾಂಧವರು ಮನಗಾಣಬೇಕು. ಮನೆಯವರೂ ಅಷ್ಟೆ, ತಪಾಸಣೆಗೆ ತಕ್ಕ ಕೂಲಿ ಕೊಟ್ಟು, ತೂಕವನ್ನೂ ರಶೀದಿಯನ್ನೂ ಕೇಳಿ ಪಡೆಯುವ ರೂಢಿ ಮಾಡಿಕೊಳ್ಳಬೇಕು.