ಗಾಂಧಿ ಬಜಾರಿನಲ್ಲಿ ಕುಂದಾಪುರದ ಪಾಲು

ಬೆಂಗಳೂರಿಗೆ ಬಂದ ನೆಂಟರಿಗೆ ಯಾವ ಬಡಾವಣೆ ತೋರಿಸಬೇಕೆಂದು ಕೇಳಿದರೆ ಈಗಿನ ತಲೆಮಾರು ಇಂದಿರಾನಗರದ ನೂರಡಿ ರಸ್ತೆಯನ್ನೋ ಚರ್ಚ್ ಸ್ಟ್ರೀಟನ್ನೋ ಹೆಸರಿಸುತ್ತದೆ. ತಪ್ಪೇನಿಲ್ಲ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಮೊದಲು ತೋರಿಸಬೇಕಾದುದು ಬಸವನಗುಡಿಯ ಗಾಂಧಿ ಬಜಾರನ್ನು. ಈ ಬಡಾವಣೆಯ ಸೊಗಸಿನಲ್ಲಿ ಅವರ ಊರುಗಳದೇ ದೊಡ್ಡ ಪಾಲಿದೆ.

ವಿದ್ಯಾರ್ಥಿ ಭವನವನ್ನು 1943ರಲ್ಲಿ ಆರಂಭಿಸಿದವರು ಸಾಲಿಗ್ರಾಮದ ಉರಾಳರು. 1970ರಲ್ಲಿ ಅದನ್ನು ವಹಿಸಿಕೊಂಡವರು ಶಂಕರನಾರಾಯಣದ ರಾಮಕೃಷ್ಣ ಅಡಿಗರು. ಅಲ್ಲಿಂದ ತುಸು ದೂರದ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ 1924ರಲ್ಲಿ ಬುನಾದಿ ಹಾಕಿದ ಯಜ್ಞನಾರಾಯಣ ಮಯ್ಯರು ಸಾಲಿಗ್ರಾಮದ ಮಗ್ಗುಲಿನ ಪಾರಂಪಳ್ಳಿಯವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿದ್ದು ಇದೇ ಅಡುಗೆಮನೆ. ಬೈಂದೂರಿನ ಕೊಡುಗೆ ಬೇರೆ ಬಗೆಯದು: ಮೊಗೇರಿಯ ಗೋಪಾಲಕೃಷ್ಣ ಅಡಿಗರ ಕಾವ್ಯವನ್ನು ಇಲ್ಲಿನ ಅಂಕಿತದಂಥ ಪುಸ್ತಕ ಮಳಿಗೆಯಲ್ಲಿ ಕೇಳಿ ಪಡೆಯಬಹುದು. ಇನ್ನು ನಿಸಾರ್ ಅಹಮದರಂತೂ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ಈ ಬೀದಿಯ ಹೆಸರನ್ನೇ ತೊಡಿಸಿದರು.

ಆದರೆ ಮಾಲೀಕರ ಹೆಸರುಗಳಷ್ಟೇ ಈ ಕಥೆಯಲ್ಲ. ಕುಂದಾಪುರದ ಆಡುಮಾತಿನಲ್ಲಿ ‘ಮಾಣಿ’ ಎಂದರೆ ಹುಡುಗ. ತಾಯಿ ಮಗನನ್ನು ಅಕ್ಕರೆಯಿಂದ ಕರೆಯುವ ಮಾತು. ಘಟ್ಟ ಹತ್ತಿದ ಮೇಲೆ ಅದೇ ಮಾತಿಗೆ ತಿಂಡಿ ತಂದಿಡುವ ಆಳು ಎಂಬ ಅರ್ಥ ಅಂಟಿಕೊಂಡಿತು. ಗದ್ದೆಯ ಆದಾಯ ಸಾಲದ ಮನೆಗಳಿಂದ ಹನ್ನೆರಡು, ಹದಿಮೂರರ ವಯಸ್ಸಿಗೇ ಹೊರಟು, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು ಎಷ್ಟೋ ಮಂದಿ. ನಾವು ಹೊಗಳುವ ಬೆಂಗಳೂರಿನ ಹೋಟೆಲ್ ಸಂಸ್ಕೃತಿ ನಿಂತಿರುವುದು ಈ ಬಾಲ್ಯಗಳ ಮೇಲೆ ಎಂಬುದನ್ನು ಮಸಾಲೆ ದೋಸೆಯ ಛಾಯಾಚಿತ್ರ ತೆಗೆಯುವವರು ನೆನೆಯುವುದು ಕಡಿಮೆ. ಕರಾವಳಿಯ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ, ಅದು ಸಂತೋಷದ ಸಂಗತಿ. ಆ ಜಾಗಕ್ಕೆ ನಗರದ ಹೋಟೆಲುಗಳಲ್ಲಿ ಒಡಿಶಾ, ಅಸ್ಸಾಂ ಕಡೆಯ ಹುಡುಗರು ಬಂದಿದ್ದಾರೆ. ಅವರ ವಸತಿ, ಕೂಲಿ, ಓದಿನ ಬಗ್ಗೆ ಯಾರು ವಿಚಾರಿಸುತ್ತಿದ್ದಾರೆ?

ಬೀದಿಯ ಸ್ಥಿತಿಯೂ ಚಿಂತೆಗೆ ಕಾರಣವಾಗಿದೆ. ಪಾದಚಾರಿಗಳಿಗೆ ಅನುಕೂಲ ಮಾಡಿಕೊಡಲೆಂದು 2023ರಲ್ಲಿ ಮುಖ್ಯರಸ್ತೆಯನ್ನು ಅಗೆದಿದ್ದಾಗ ಕಾಮಗಾರಿ ತಿಂಗಳುಗಟ್ಟಲೆ ಎಳೆಯಿತು. ಅಂಗಡಿಯವರು ವ್ಯಾಪಾರ ಕಳೆದುಕೊಂಡೆವೆಂದು ಗೋಳಾಡಿದರು. ನಡೆದಾಡುವವರಿಗೆ ಜಾಗ ಬಿಡಬೇಕೆಂಬ ಆಶಯವನ್ನು ವಿರೋಧಿಸಲಾಗದು. ಆದರೆ ಮಲ್ಲಿಗೆ ಮಾರುವ ಹೆಂಗಸು, ಅವರೆಕಾಯಿ ರಾಶಿ ಹಾಕುವ ರೈತ, ಹಬ್ಬದ ಹಿಂದಿನ ದಿನ ಬಾಳೆಕಂದು ತರುವವನು ಇಲ್ಲದ ಗಾಂಧಿ ಬಜಾರು ಯಾವ ಊರಿನ ಮಾಲ್ ಆದರೂ ಆಗಬಹುದು. ಯೋಜನೆಯ ನಕ್ಷೆಯಲ್ಲಿ ಅವರಿಗೆ ಕಾಯಂ ಜಾಗ ಗುರುತಿಸುವುದು ಆಡಳಿತದ ಮೊದಲ ಹೊಣೆ. ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾಗುತ್ತಿರುವುದನ್ನು ತಡೆಯುವುದು ಇದಕ್ಕಿಂತ ಕಷ್ಟ; ವಾರಸುದಾರರಿಗೂ ಅವರದೇ ಲೆಕ್ಕಾಚಾರ ಇರುತ್ತದೆ.

ಇಷ್ಟಾದರೂ ಸವಿಯುವುದಕ್ಕೆ ಇಲ್ಲಿ ಬೇಕಾದಷ್ಟಿದೆ. ಕಾರಿನಲ್ಲಿ ಬರುವುದು ಬೇಡ. 2017ರಿಂದ ನ್ಯಾಷನಲ್ ಕಾಲೇಜು ಬಳಿ ಮೆಟ್ರೊ ನಿಲ್ದಾಣವಿದೆ, ಅಲ್ಲಿಂದ ಕಾಲ್ನಡಿಗೆಯೇ ಲೇಸು. ಭಾನುವಾರದ ಸರದಿ ಸಾಲಿಗಿಂತ ವಾರದ ನಡುವಿನ ಬೆಳಗು ಹಿತ. ತಿಂಡಿಯ ಬಳಿಕ ಹೂವಿನ ಸಾಲು ದಾಟಿ ಕಹಳೆ ಬಂಡೆಯ ಮರದ ನೆರಳಿಗೆ ಹೋಗಬಹುದು, ಬಿ.ಪಿ. ವಾಡಿಯಾ ರಸ್ತೆಯ ವಿಶ್ವಸಂಸ್ಕೃತಿ ಸಂಸ್ಥೆಯಲ್ಲಿ ಸಂಜೆ ಉಪನ್ಯಾಸವೋ ಸಂಗೀತವೋ ಇದ್ದರೆ ಕೇಳಬಹುದು. ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ ಬಂದರೆ ಕಡಲೆಕಾಯಿ ಪರಿಷೆ. ಅಂದು ಬಟ್ಟೆಯ ಚೀಲ ಜೊತೆಗಿರಲಿ. ಶುಕ್ರವಾರ ಮಾತ್ರ ದೋಸೆಯ ಆಸೆ ಇಟ್ಟುಕೊಂಡು ಬರಬಾರದು, ವಿದ್ಯಾರ್ಥಿ ಭವನಕ್ಕೆ ಅಂದು ರಜೆ.