ವಾರದ ಎಕ್ಸ್‌ಪೈರಿ ಇನ್ನು ಸಾಕು

ಡೆರಿವೇಟಿವ್ ವಹಿವಾಟು ಹೆಚ್ಚಿದಷ್ಟೂ ಷೇರುಪೇಟೆಗೆ ಆಳ ಬರುತ್ತದೆ, ಏರಿಳಿತ ತಗ್ಗುತ್ತದೆ ಎನ್ನುತ್ತಾರೆ. 2000ದ ಜೂನ್‌ನಲ್ಲಿ ನಿಫ್ಟಿ ಫ್ಯೂಚರ್ಸ್ ಶುರುವಾದಾಗ ಅದು ಒಪ್ಪತಕ್ಕ ಮಾತೇ ಆಗಿತ್ತು. ಷೇರು ಇಟ್ಟುಕೊಂಡವರಿಗೆ ಕುಸಿತದಿಂದ ರಕ್ಷಣೆ ಬೇಕಿತ್ತು, ಸಿಕ್ಕಿತು. ನನ್ನ ತಕರಾರು ಅದರ ಮೇಲಲ್ಲ. ಆ ಹಳೆಯ ಸಮರ್ಥನೆಯನ್ನೇ ವಾರದ ಆಪ್ಷನ್ಸ್‌ಗೂ ಹೊದಿಸುತ್ತಿರುವುದರ ಮೇಲೆ.

ಎಕ್ಸ್‌ಪೈರಿ, ಅಂದರೆ ಕರಾರು ಮುಗಿಯುವ ದಿನ, ಸೂಚ್ಯಂಕ ಆಪ್ಷನ್ಸ್ ವಹಿವಾಟು ಮೂಲ ಷೇರುಗಳ ನಗದು ವಹಿವಾಟಿನ 350 ಪಟ್ಟು, ಅದಕ್ಕೂ ಮೀರಿ ಹೋಗುವುದುಂಟು ಎಂದು ಸೆಬಿಯ ಪೂರ್ಣಾವಧಿ ಸದಸ್ಯರಾಗಿದ್ದ ಅನಂತ ನಾರಾಯಣ್ 2025ರ ಜುಲೈನಲ್ಲಿ ಹೇಳಿದರು. ಇದನ್ನು ಆಳ ಎನ್ನಲು ಬರುವುದಿಲ್ಲ. ಮಧ್ಯಾಹ್ನ ಮೂರೂವರೆಗೆ ಮುಗಿದೇ ಹೋಗುವ ಕಾಲ್ ಅಥವಾ ಪುಟ್ ಅನ್ನು ಬೆಳಿಗ್ಗೆ ಕೊಳ್ಳುವವರು ಯಾವ ಹೂಡಿಕೆಯನ್ನೂ ಕಾಯುತ್ತಿಲ್ಲ.

ಅಪಾಯ ಇರುವುದೇ ಈ ಅಳತೆಗೇಡಿನಲ್ಲಿ. ಆಪ್ಷನ್‌ನ ಬೆಲೆ ನಿಂತಿರುವುದು ಷೇರುಗಳ ಮೇಲೆ, ಆದರೆ ಷೇರುಗಳ ಪೇಟೆ ಚಿಕ್ಕದು. ಚಿಕ್ಕ ಪೇಟೆಯನ್ನು ಸ್ವಲ್ಪ ಅಲುಗಿಸಿದರೆ ದೊಡ್ಡ ಪೇಟೆಯಲ್ಲಿ ಹಣ ಬರುತ್ತದೆ. ಅಮೆರಿಕದ ಟ್ರೇಡಿಂಗ್ ಸಂಸ್ಥೆ ಜೇನ್ ಸ್ಟ್ರೀಟ್ ಮಾಡಿದ್ದು ಇದನ್ನೇ ಎಂಬುದು ಸೆಬಿಯ ಆರೋಪ. 2024ರ ಜನವರಿ 17ರ ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಷೇರು, ಫ್ಯೂಚರ್ಸ್‌ಗಳಲ್ಲಿ ಸುಮಾರು 4,370 ಕೋಟಿ ರೂಪಾಯಿಯ ಖರೀದಿ; ಜೊತೆಗೇ ಆಪ್ಷನ್ಸ್‌ನಲ್ಲಿ ಅದರ ಏಳು ಪಟ್ಟಿಗೂ ಮಿಕ್ಕಿದ ಇಳಿಕೆಯ ಪಣ; ಮಧ್ಯಾಹ್ನ ಖರೀದಿಸಿದ್ದೆಲ್ಲ ಮಾರಾಟ. ಆ ಒಂದೇ ದಿನ ಆಪ್ಷನ್ಸ್‌ನಲ್ಲಿ ಬಂದ ಲಾಭ ಸುಮಾರು 735 ಕೋಟಿ. ತಾನು ನಡೆಸಿದ್ದು ಮಾಮೂಲಿ ಆರ್ಬಿಟ್ರೇಜ್ ಎಂದು ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. ತೀರ್ಪು ಯಾರ ಪರ ಬಂದರೂ, ಷೇರಿನಲ್ಲಿ ಕಳೆದುಕೊಂಡೇ ಆಪ್ಷನ್‌ನಲ್ಲಿ ಹಲವು ಪಟ್ಟು ಗಳಿಸಬಹುದಾದ ಈ ಏರ್ಪಾಡು ಹಾಗೇ ಉಳಿದಿರುತ್ತದೆ.

ಕಳೆದುಕೊಳ್ಳುತ್ತಿರುವವರು ಯಾರೆಂಬುದೂ ಗುಟ್ಟಲ್ಲ. 2024–25ರಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿನಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 91ರಷ್ಟು ಮಂದಿಗೆ ನಷ್ಟ. ಒಟ್ಟು 1,05,603 ಕೋಟಿ ರೂಪಾಯಿ. ಹಿಂದಿನ ವರ್ಷ ವಿದೇಶಿ ಹೂಡಿಕೆದಾರರು ಗಳಿಸಿದ ಲಾಭದ ಶೇ 97ರಷ್ಟು ಬಂದದ್ದು ಅಲ್ಗಾರಿದಮ್‌ಗಳಿಂದ. ಮೊಬೈಲ್ ಹಿಡಿದ ಹುಡುಗ ಎದುರಿಸುತ್ತಿರುವುದು ಅಂಥ ಯಂತ್ರಗಳನ್ನು. ಆ ಮೊಬೈಲ್‌ನಲ್ಲಿರುವ ಆ್ಯಪ್ ನಮ್ಮ ಬೆಂಗಳೂರಿನದೇ ಇರಬಹುದು. ಜೆರೋಧಾ, ಗ್ರೋ ಎರಡೂ ಇಲ್ಲಿಯವೇ. ಹುಡುಗ ಗೆದ್ದರೂ ಸೋತರೂ ಬ್ರೋಕರೇಜ್, ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ ಕಟ್ಟಲೇಬೇಕು. ವಹಿವಾಟು ಇಳಿಯಿತೆಂದು ಹಲುಬುವವರ ದನಿಯನ್ನು ಇದನ್ನು ನೆನಪಿಟ್ಟುಕೊಂಡೇ ಕೇಳಬೇಕು.

ಅವರವರ ದುಡ್ಡು, ಅವರವರ ಇಷ್ಟ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಎಕ್ಸ್‌ಪೈರಿಯ ಕೊನೆಯ ಅರ್ಧ ಗಂಟೆಯ ಜಗ್ಗಾಟದ ಬಿಸಿ ಆಪ್ಷನ್ ಎಂದರೇನೆಂದೇ ತಿಳಿಯದ ಹೂಡಿಕೆದಾರನಿಗೂ ತಟ್ಟುತ್ತದೆ. ಕಡಿವಾಣ ಹಾಕಿದರೆ ಪೇಟೆಗೇ ಪೆಟ್ಟು ಎಂಬ ಭಯವೂ ಬೇಡ. ದಕ್ಷಿಣ ಕೊರಿಯಾ 2012ರಲ್ಲಿ ತನ್ನ ಕಾಸ್ಪಿ ಸೂಚ್ಯಂಕದ ಆಪ್ಷನ್ಸ್ ಕರಾರಿನ ಗಾತ್ರವನ್ನು ಐದು ಪಟ್ಟು ಮಾಡಿತು. ವಹಿವಾಟು ಬಿತ್ತು, ಷೇರುಪೇಟೆ ಬೀಳಲಿಲ್ಲ.

2024ರ ನವೆಂಬರ್‌ನಲ್ಲಿ ಸೆಬಿ ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿಗೆ ತೆರೆ ಎಳೆಯಿತು, ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿತು. ಸರಿಯಾದ ಹೆಜ್ಜೆ, ಆದರೆ ಅರ್ಧ. ನಿಫ್ಟಿ, ಸೆನ್ಸೆಕ್ಸ್‌ಗಳ ವಾರದ ಎಕ್ಸ್‌ಪೈರಿಯೂ ಹೋಗಲಿ, ತಿಂಗಳಿನದು ಸಾಕು. ಒಂದನ್ನು ಮಾತ್ರ ನಿಲ್ಲಿಸಿದರೆ ಜೂಜು ಇನ್ನೊಂದು ಎಕ್ಸ್‌ಚೇಂಜಿಗೆ ಹರಿದುಹೋಗುತ್ತದೆ. ಎರಡನ್ನೂ ನಿಲ್ಲಿಸಲು ಒಂದೇ ದಿನಾಂಕವನ್ನು ಸೆಬಿ ಈಗಲೇ ಘೋಷಿಸಬೇಕು.