ಇಪ್ಪತ್ತು ಕಿಲೋಮೀಟರ್, ಒಂದು ಗಡಿಯಾರ, ಅಕ್ಕನ ಸೈಕಲ್

ಜೂನ್ ಮೊದಲ ಭಾನುವಾರ, ಬೆಳಿಗ್ಗೆ 5.50. ನಿವೃತ್ತ ಪಿ.ಟಿ. ಮೇಷ್ಟ್ರು ನನ್ನ ಸೈಕಲ್ಲಿನ ಸೀಟು ಹಿಡಿದು ನಿಂತಿದ್ದರು. ನೆಲದ ಮೇಲೆ ಸುಣ್ಣದ ಒಂದು ಗೆರೆ, ಅವರ ಇನ್ನೊಂದು ಕೈಯಲ್ಲಿ ಮೊಬೈಲ್. ಐದು, ನಾಕು, ಮೂರು, ಎರಡು, ಒಂದು. ಬಿಟ್ಟರು. ಮೂವತ್ನಾಲ್ಕನೇ ವಯಸ್ಸಿಗೆ ನನ್ನ ಮೊದಲ ಟೈಮ್ ಟ್ರಯಲ್ ಶುರುವಾಗಿದ್ದು ಹೀಗೆ.

ಟೈಮ್ ಟ್ರಯಲ್ ಅಂದರೆ ಏನು ಅಂತ ಊರಲ್ಲಿ ಬಹಳ ಮಂದಿ ಕೇಳಿದರು. ಗುಂಪಾಗಿ ಓಡಿಸುವ ರೇಸ್ ಅಲ್ಲ ಇದು. ಒಂದೊಂದು ನಿಮಿಷಕ್ಕೆ ಒಬ್ಬೊಬ್ಬರನ್ನು ಬಿಡುತ್ತಾರೆ. ಇನ್ನೊಬ್ಬರ ಬೆನ್ನ ಹಿಂದೆ ಸೇರಿ ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಹತ್ತು ಕಿಲೋಮೀಟರ್ ಹೋಗು, ಹತ್ತು ಕಿಲೋಮೀಟರ್ ಬಾ, ಎಷ್ಟು ಹೊತ್ತಾಯಿತು ಬರೆಸು. ಮುಗೀತು.

ನಮ್ಮ ರಸ್ತೆ ಪಡುವಣದಿಂದ ಮೂಡಣಕ್ಕೆ ನೇರ ಇದೆ. ಜೂನ್ ಗಾಳಿ ಪಡುವಣದ್ದು. ಹೋಗುವಾಗ ಬೆನ್ನಿಗೆ ಗಾಳಿ, ನಾನು ಹುಲಿ. ಕಬ್ಬಿನ ಗದ್ದೆಗಳು ಹಿಂದೆ ಹಿಂದೆ ಓಡುತ್ತಿದ್ದವು. ತಿರುಗಿದ ಮೇಲೆ ಗೊತ್ತಾಯಿತು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ನೂಕಲು ಬೇಕಾದ ಶಕ್ತಿ ಎಂಟು ಪಟ್ಟು. ಬೆನ್ನ ಗಾಳಿ ಕೊಟ್ಟಷ್ಟನ್ನೂ ಎದುರು ಗಾಳಿ ಕಸಿದುಕೊಂಡು, ಮೇಲೆ ಬಡ್ಡಿ ಹಾಕುತ್ತದೆ. ಗೆರೆ ದಾಟಿದಾಗ 42 ನಿಮಿಷ 10 ಸೆಕೆಂಡ್. ಇಳಿದವನೇ ರಸ್ತೆ ಪಕ್ಕ ಕೂತು ವಾಂತಿ ಮಾಡಿದೆ. ಹಾಲಿನ ಕ್ಯಾನ್ ಇಟ್ಟುಕೊಂಡು ಬರುತ್ತಿದ್ದವರು ಬೈಕ್ ನಿಲ್ಲಿಸಿ "ರಾತ್ರಿ ಜಾಸ್ತಿ ಆತೇನ್ರಿ ರಿಪೋರ್ಟರ್ ಸಾಹೇಬ್ರ?" ಅಂದರು.

ಅವತ್ತು ನಾವು ಒಂಬತ್ತು ಜನ. ಜುಲೈನಲ್ಲಿ ಹನ್ನೊಂದು. ಹನ್ನೊಂದನೆಯವಳು ಒಂಬತ್ತನೇ ಕ್ಲಾಸಿನ ಹುಡುಗಿ, ಬಂದದ್ದು ಅಕ್ಕನ ಸೈಕಲ್ಲಿನಲ್ಲಿ. ಅಕ್ಕನಿಗೆ ಅದು ಎಂಟನೇ ಕ್ಲಾಸಿನಲ್ಲಿ ಸರ್ಕಾರದಿಂದ ಸಿಕ್ಕದ್ದು. ಗೇರ್ ಇಲ್ಲ, ಮುಂದೆ ಬುಟ್ಟಿ, ಚೈನ್ ಕವರ್ ಕಿರ್ ಕಿರ್ ಅನ್ನುತ್ತಿತ್ತು. ಬುಟ್ಟಿ ಬಿಚ್ಚೋಣವೇ ಅಂತ ಮೇಷ್ಟ್ರು ಕೇಳಿದರೆ, "ಬ್ಯಾಡ್ರಿ ಸರ, ಬರುವಾಗ ಮೇವು ತರೂದೈತಿ" ಅಂದಳು. 51 ನಿಮಿಷ 20 ಸೆಕೆಂಡಿಗೆ ಬಂದಳು. ಆ ಸೈಕಲ್ಲಿನಲ್ಲಿ, ಆ ಗಾಳಿಯಲ್ಲಿ! ವಾಂತಿ ಇಲ್ಲ, ಏನಿಲ್ಲ. ನೀರು ಕುಡಿದು ಮೇವಿಗೆ ಹೋದಳು.

ನಾನು ಈ ಲೇಖನ ಬರೆಯುತ್ತಿರುವುದು ಅವಳಿಗಾಗಿ.

ಸೈಕಲ್ ರೇಸ್ ದುಡ್ಡಿದ್ದವರ ಆಟ ಅನ್ನುವ ಮಾತಿದೆ. ಸುಳ್ಳಲ್ಲ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. 24.5 ಕಿಲೋಮೀಟರ್‌ನ ಟೈಮ್ ಟ್ರಯಲ್‌ನಲ್ಲಿ ಮೈಯನ್ನು ಗಾಳಿಗೆ ಬಗ್ಗಿಸಿ ಹಿಡಿಯುವ ಹೊಸ ಹ್ಯಾಂಡಲ್ ಹಾಕಿಕೊಂಡು ಬಂದ. ಎದುರಾಳಿ ಲಾರೆಂಟ್ ಫಿನ್ಯೋನ್ ಹಳೆಯ ಹ್ಯಾಂಡಲ್ಲಿನಲ್ಲೇ ಓಡಿಸಿದ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆದ ಮೇಲೆ ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡಿನಿಂದ. ಅದರಲ್ಲಿ ಹ್ಯಾಂಡಲ್ಲಿನ ಪಾಲೆಷ್ಟು, ಕಾಲಿನ ಪಾಲೆಷ್ಟು ಅಂತ ಇವತ್ತಿಗೂ ಜಗಳ ಇದೆ.

ಆದರೆ ಈ ಆಟಕ್ಕೆ ಇನ್ನೊಂದು ಮುಖ ಇದೆ, ಅದನ್ನು ನಮಗೆ ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಟೈಮ್ ಟ್ರಯಲ್ ಹುಟ್ಟಿದ್ದು 1890ರ ದಶಕದಲ್ಲಿ, ರಸ್ತೆಯಲ್ಲಿ ಗುಂಪು ರೇಸ್ ಬೇಡ ಅಂತ ಆದಾಗ. ಬೆಳಕು ಹರಿಯುವ ಮುಂಚೆ ಸದ್ದಿಲ್ಲದೆ ಒಬ್ಬೊಬ್ಬರೇ ಹೋಗಿ ಬರುತ್ತಿದ್ದರು. ಇವತ್ತಿಗೂ ಅಲ್ಲಿ ಚಿಕ್ಕ ಚಿಕ್ಕ ಕ್ಲಬ್ಬುಗಳು ಬೇಸಿಗೆ ಸಂಜೆ 10 ಮೈಲಿ ಓಡಿಸುತ್ತವೆ. ಆ ಕ್ಲಬ್ಬುಗಳಿಂದ ಬಂದವಳು ಬೆರಿಲ್ ಬರ್ಟನ್. ರೂಬಾರ್ಬ್ ಅನ್ನುವ ಕೆಂಪು ದಂಟಿನ ಬೆಳೆಯ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. 1967ರಲ್ಲಿ 12 ಗಂಟೆಯಲ್ಲಿ 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರ್ ಓಡಿಸಿದಳು. ಅದೇ ದಿನ ಗಂಡಸರ ದಾಖಲೆ ಮಾಡಿದ ಮೈಕ್ ಮ್ಯಾಕ್‌ನಮಾರನಿಗಿಂತ ಹೆಚ್ಚು. ಅವನನ್ನು ಹಿಂದೆ ಹಾಕುವಾಗ ಕೈಗೆ ಒಂದು ಮಿಠಾಯಿ ಕೊಟ್ಟು ಹೋದಳಂತೆ. ಹೊಲದ ಕೆಲಸ ಮಾಡಿದ ಮೈ ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿ ಮಕ್ಕಳು ಸೈಕಲ್ಲಿನಲ್ಲಿ ರಾಷ್ಟ್ರೀಯ ಪದಕ ತಂದಿದ್ದಾರೆ, ಈ ಮಣ್ಣಿನಲ್ಲಿ ಅದು ಹೊಸದೇನಲ್ಲ. ಆದರೆ ಕ್ರೀಡಾ ಹಾಸ್ಟೆಲ್ಲಿನ ಬಾಗಿಲು ತಟ್ಟಬೇಕಾದರೆ ತನ್ನ ಕಾಲಿನಲ್ಲಿ ಏನಿದೆ ಅಂತ ಆ ಮಗುವಿಗೆ ಮೊದಲು ಗೊತ್ತಾಗಬೇಕಲ್ಲ? ಅದಕ್ಕೆ ನನ್ನ ಮಾತು ಇಷ್ಟೇ. ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಒಂದು ಟೈಮ್ ಟ್ರಯಲ್ ಇಡಿ, ಅದನ್ನು ಶಾಲೆಗೆ ಹೋಗುವ ಮಾಮೂಲಿ ಸೈಕಲ್ಲಿನಲ್ಲೇ ಇಡಿ. ಎಲ್ಲರಿಗೂ ಒಂದೇ ಥರದ ಭಾರ, ಒಂದೇ ಥರದ ಚೈನ್. ಅಲ್ಲಿ ಗೆಲ್ಲುವುದು ಅಪ್ಪನ ಜೇಬಲ್ಲ. 2006-07ರಲ್ಲಿ ಶುರುವಾದ ಉಚಿತ ಸೈಕಲ್ ಕೋವಿಡ್ ಕಾಲಕ್ಕೆ ನಿಂತು ಹೋಯಿತು, ಈ ಹುಡುಗಿಗೆ ಅದು ಸಿಗಲಿಲ್ಲ. ಅಕ್ಕನದು ಇರದಿದ್ದರೆ ಅವಳು ಗೆರೆಗೇ ಬರುತ್ತಿರಲಿಲ್ಲ. ಗುಣಮಟ್ಟದ ದೂರು ಆಗಲೂ ಇತ್ತು, ನಾನೇ ಸುದ್ದಿ ಮಾಡಿದ್ದೆ. ದೂರು ಇದ್ದರೆ ಸರಿಪಡಿಸಿ ಕೊಡಬೇಕು.

ರಸ್ತೆ ಅಪಾಯ ಅನ್ನುವವರ ಮಾತು ನಿಜವೇ. ಕಾರ್ಖಾನೆ ಶುರುವಾದರೆ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ನಡುವೆ ನಾನೂ ಮಗುವನ್ನು ಬಿಡೆ. ಅದಕ್ಕೇ ಮೇಷ್ಟ್ರು ಜೂನ್‌ನಿಂದ ಸೆಪ್ಟೆಂಬರ್ ಇಟ್ಟಿದ್ದು, ಬೆಳಿಗ್ಗೆ ಏಳೂವರೆಗೆ ಮುಗಿಸುತ್ತಿದ್ದದ್ದು. ಎರಡು ತಿರುವಿನಲ್ಲಿ ಹಸಿರು ಟವೆಲ್ ಹಿಡಿದು ಇಬ್ಬರನ್ನು ನಿಲ್ಲಿಸಿದರೆ ಆಯಿತು. ನಾಲ್ಕು ತಿಂಗಳಿಗೆ ನಮಗೆ ಆದ ಖರ್ಚು ಸುಣ್ಣ ಮತ್ತು ಚಹಾ.

ಸೆಪ್ಟೆಂಬರ್‌ನಲ್ಲಿ ಗಾಳಿ ಇಳಿದಿತ್ತು. ನಾನು 38 ನಿಮಿಷ 52 ಸೆಕೆಂಡಿಗೆ ಬಂದೆ. ಅರ್ಧ ನನ್ನ ತಯಾರಿ, ಅರ್ಧ ಗಾಳಿಯ ದಯೆ. ಆಮೇಲೆ ನನ್ನ ಗೇರ್ ಸೈಕಲ್ಲಿನ ಸೀಟು ಇಳಿಸಿ (ಮೂರು ಕಂತಿನಲ್ಲಿ ತೀರಿಸಿದ ಸೆಕೆಂಡ್ ಹ್ಯಾಂಡ್ ಮಾಲು, 16 ಸಾವಿರ) ಅವಳನ್ನು ಕೊನೆಯವಳಾಗಿ ಬಿಟ್ಟೆವು. ಮೊದಲೆರಡು ಕಿಲೋಮೀಟರ್ ಗೇರ್ ಬದಲಿಸುವುದೇ ತಿಳಿಯಲಿಲ್ಲವಂತೆ. 40 ನಿಮಿಷ 5 ಸೆಕೆಂಡ್. ನನ್ನ ಜೂನ್ ಸಮಯಕ್ಕಿಂತ ಎರಡು ನಿಮಿಷ ಬೇಗ. ಮೇಷ್ಟ್ರು ಮೊಬೈಲನ್ನು ಎರಡು ಸಲ ನೋಡಿದರು, ಏನೂ ಮಾತಾಡಲಿಲ್ಲ.

ಸುದ್ದಿ ಮಾಡಿ ಪತ್ರಿಕೆಗೆ ಕಳಿಸಿದೆ, ಜಾಗ ಇಲ್ಲ ಅಂದರು. ಅವಳಪ್ಪನಿಗೆ ಚೀಟಿಯಲ್ಲಿ ಬರೆದ ಸಮಯ ತೋರಿಸಿದೆ. ಬಹಳ ಹೊತ್ತು ನೋಡಿ, "ಹಾಸ್ಟೆಲ್‌ಗೆ ಹೋದ್ರ ಎಮ್ಮಿ ಹಿಂಡಾವ್ರ್ಯಾರ್ರೀ?" ಅಂದರು. ಬೇಡ ಅನ್ನಲಿಲ್ಲ. ಈಗ ಪ್ರತಿ ಶನಿವಾರ ಸಂಜೆ ನನ್ನ ಸೈಕಲ್ ಅವರ ಮನೆಗೆ ಹೋಗುತ್ತದೆ, ಸೋಮವಾರ ಬೆಳಿಗ್ಗೆ ಒರೆಸಿಕೊಂಡು ವಾಪಸ್ ಬರುತ್ತದೆ.